ಎಂಟು ಮಳೆಗಳ ಸೆಮಿಸ್ಟರ್

(ಪದವಿ ಕಾಲೇಜಿನ ಹೊಸ ಸೆಮಿಸ್ಟರಿನ ಆರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)

 

ಮಲೆನಾಡಿನ ಕಾಲೇಜುಗಳಲ್ಲಿ ಹೊಸ ಸೆಮಿಸ್ಟರು ಬಾಗಿಲು ತೆರೆಯುವುದು ಸಾಮಾನ್ಯವಾಗಿ ಮಳೆಗಾಲದ ನಡುವೆ. ಕೊಠಡಿಯ ಮೂಲೆಯಲ್ಲಿ ಸಾಲಾಗಿ ಬಿಡಿಸಿಟ್ಟ ಕೊಡೆಗಳು, ಒದ್ದೆಯಾದ ಪುಸ್ತಕದ ಚೀಲ, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಅಧ್ಯಾಪಕರ ಅರ್ಧ ಮಾತು ಕೇಳಿಸದಿರುವುದು, ಇವೆಲ್ಲ ಇಲ್ಲಿನ ವಿದ್ಯಾಭ್ಯಾಸದ ಭಾಗವೇ ಆಗಿವೆ. ಕಾಲೇಜಿನ ವೇಳಾಪಟ್ಟಿಯು ಸೆಮಿಸ್ಟರನ್ನು ಸುಮಾರು 16 ವಾರಗಳೆಂದು ಎಣಿಸುತ್ತದೆ. ಮನೆಯ ಗೋಡೆಯ ಮೇಲಿನ ಪಂಚಾಂಗದ ಎಣಿಕೆ ಬೇರೆ. ಒಂದೊಂದು ಮಳೆ ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಆಗಸ್ಟ್ ಮೊದಲ ವಾರದಲ್ಲಿ ಹುಟ್ಟುವ ಆಶ್ಲೇಷಾ ಮಳೆಯಿಂದ ಲೆಕ್ಕ ಹಿಡಿದರೆ ಮಘಾ, ಹುಬ್ಬಾ, ಉತ್ತರಾ, ಹಸ್ತಾ, ಚಿತ್ತಾ, ಸ್ವಾತಿ, ವಿಶಾಖಾ ಎಂದು ಸರಿಯಾಗಿ ಎಂಟು ಮಳೆಗಳು. ವಿಶಾಖಾ ಮಳೆ ಮುಗಿಯುವ ಹೊತ್ತಿಗೆ ಸೂಚನಾ ಫಲಕದಲ್ಲಿ ಪರೀಕ್ಷೆಯ ದಿನಾಂಕಗಳು ಬಂದಿರುತ್ತವೆ. ಎಂಟು ಮಳೆ ಎಂದರೆ ಎಷ್ಟು ಕಡಿಮೆ ಕಾಲವೆಂಬುದು ತೋಟದ ಮನೆಗಳಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಳ್ಳಿಯಿಂದ ಮೊದಲ ಬಾರಿಗೆ ಪದವಿ ಕಾಲೇಜಿಗೆ ಬಂದ ವಿದ್ಯಾರ್ಥಿಯ ಮನಸ್ಸಿನಲ್ಲಿ ಈ ಮೊದಲ ವಾರಗಳಲ್ಲಿ ಎರಡು ಭಾರಗಳಿರುತ್ತವೆ. ಪೇಟೆಯಲ್ಲಿ ಓದಿದವರಿಗೆ ಎಲ್ಲವೂ ತಿಳಿದಿದೆ, ತನಗೆ ಏನೂ ತಿಳಿದಿಲ್ಲ, ಇಂಗ್ಲಿಷಿನ ಪಾಠ ಕಿವಿಯ ಮೇಲೆ ಹಾದುಹೋಗುತ್ತಿದೆ ಎಂಬುದು ಒಂದು. ಇನ್ನೊಂದು ಮನೆಯದು. ಕೆಲವು ವರ್ಷಗಳಿಂದ ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಹೊಸನಗರದ ಕಡೆಯ ಅಡಿಕೆ ತೋಟಗಳಲ್ಲಿ ಎಲೆಚುಕ್ಕೆ ರೋಗ ಹಬ್ಬಿದೆ. ಸೋಗೆಗಳು ಕಂದು ಚುಕ್ಕೆಗಳಿಂದ ತುಂಬಿ ಒಣಗಿದ ತೋಟದ ಮನೆಯಿಂದ ಬರುವ ಮಗ ಅಥವಾ ಮಗಳು ಶುಲ್ಕದ ರಶೀದಿಯನ್ನು ಕೈಯಲ್ಲಿ ಹಿಡಿದಾಗ, ಈ ಹಣದಲ್ಲಿ ಎಷ್ಟು ಜನ ಆಳುಗಳ ಕೂಲಿ ಹೋಗುತ್ತಿತ್ತು ಎಂದು ಲೆಕ್ಕ ಹಾಕದೆ ಇರಲಾರರು. ಓದನ್ನು ಅರ್ಧಕ್ಕೆ ಬಿಡುವ ಯೋಚನೆ ಹುಟ್ಟುವುದು ಹೀಗೆಯೇ. ಬಿಡುವವರು ದಡ್ಡರಲ್ಲ. ಅವರಲ್ಲಿ ಬಹುಪಾಲು ಮನೆಯ ಕಷ್ಟವನ್ನು ಬಲ್ಲವರು. ಆದ್ದರಿಂದ ಅವರಿಗೆ ಬರಿಯ ಉಪದೇಶದಿಂದ ಪ್ರಯೋಜನವಿಲ್ಲ. ಏನೂ ತಿಳಿದಿಲ್ಲ ಎಂಬ ಮೊದಲನೆಯ ನಂಬಿಕೆ ಎಷ್ಟು ನಿಜವೆಂದು ಪರೀಕ್ಷಿಸಿ ನೋಡುವುದು ಹೆಚ್ಚು ಉಪಯುಕ್ತ.

ಅಡಿಕೆ ತೋಟವಿರುವ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ತಯಾರಾಗುತ್ತದೆ. ಒಂದು ಕಿಲೋ ಮೈಲುತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು ಐವತ್ತು ಲೀಟರ್ ನೀರಿನಲ್ಲಿ ಕರಗಿಸಿ, ಎರಡನ್ನೂ ಕೂಡಿಸಿದರೆ ಶೇಕಡಾ ಒಂದರ ದ್ರಾವಣ ನೂರು ಲೀಟರ್ ಸಿದ್ಧವಾಗುತ್ತದೆ. ಅದು ಸರಿಯಾಗಿದೆಯೇ ಎಂದು ತಿಳಿಯಲು ಹಿರಿಯರು ಹೊಳೆಯುವ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದರಲ್ಲಿ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ. ಇನ್ನಷ್ಟು ಸುಣ್ಣದ ತಿಳಿ ಸೇರಿಸುತ್ತಾರೆ. ಈ ದೃಶ್ಯವನ್ನು ಕಾಣದೆ ಬೆಳೆದ ಮಕ್ಕಳು ತೋಟದ ಸೀಮೆಯಲ್ಲಿ ಕಡಿಮೆ.

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಸ್ಥಾನಪಲ್ಲಟ ಕ್ರಿಯೆ ಎಂಬ ಪಾಠವಿದೆ. ತಾಮ್ರದ ಸಲ್ಫೇಟಿನ ನೀಲಿ ದ್ರಾವಣದಲ್ಲಿ ಕಬ್ಬಿಣದ ಮೊಳೆಯನ್ನಿಟ್ಟರೆ ಕಬ್ಬಿಣವು ದ್ರಾವಣಕ್ಕೆ ಇಳಿದು, ತಾಮ್ರವು ಹೊರಬಂದು ಮೊಳೆಗೆ ಮೆತ್ತಿಕೊಳ್ಳುತ್ತದೆ. ತೋಟದ ಮನೆಯ ವಿದ್ಯಾರ್ಥಿಗಳು ಇದರ ಸಮೀಕರಣವನ್ನು ಬರೆದು ಅಂಕ ಪಡೆದಿದ್ದಾರೆ. ಮೈಲುತುತ್ತವೇ ತಾಮ್ರದ ಸಲ್ಫೇಟು, ಅಪ್ಪನ ಕತ್ತಿಯೇ ಆ ಮೊಳೆ ಎಂಬುದು ಮಾತ್ರ ಅನೇಕರಿಗೆ ಹೊಳೆದಿರುವುದಿಲ್ಲ. ಸುಣ್ಣ ಸಾಕಷ್ಟಿದ್ದರೆ ತಾಮ್ರವು ಕರಗದ ರೂಪಕ್ಕೆ ತಿರುಗುತ್ತದೆ, ಆಗ ಕತ್ತಿಗೆ ಹತ್ತಲು ದ್ರಾವಣದಲ್ಲಿ ತಾಮ್ರ ಉಳಿದಿರುವುದಿಲ್ಲ. ಸುಣ್ಣ ಕಡಿಮೆಯಾದರೆ ಉಳಿದ ತಾಮ್ರ ಎಳೆಗಾಯಿಯನ್ನೂ ಸೋಗೆಯನ್ನೂ ಸುಡುತ್ತದೆ. ಅಕ್ಷರ ಬಾರದ ಕೊನೆಗಾರನೂ ಮಾಡುವ ಈ ಪರೀಕ್ಷೆ ಪ್ರಯೋಗಾಲಯದ ಪರೀಕ್ಷೆಗೆ ಯಾವ ರೀತಿಯಲ್ಲೂ ಕಡಿಮೆಯದಲ್ಲ. ಕಬ್ಬಿಣದ ಪಾತ್ರೆಯಲ್ಲಿ ಈ ದ್ರಾವಣವನ್ನು ಕದಡಬಾರದು ಎಂಬ ಮನೆಯ ಕಟ್ಟಳೆಗೂ ಕಾರಣ ಇದೇ. ಶಾಲೆ ಒಂದು ಕಡೆ, ತೋಟ ಇನ್ನೊಂದು ಕಡೆ ಎಂದು ಬೇಲಿ ಹಾಕಿದ್ದು ಪಠ್ಯವೂ ಅಲ್ಲ, ತೋಟವೂ ಅಲ್ಲ, ಹೇಳಿಕೊಡುವ ಪದ್ಧತಿ.

ಈ ದ್ರಾವಣ ಹುಟ್ಟಿದ ಬಗೆಯೂ ತಿಳಿಯತಕ್ಕದ್ದು. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದ್ರಾಕ್ಷಿ ಬೆಳೆಗಾರರು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀರನ್ನು ಎರಚುತ್ತಿದ್ದರು. ಉದ್ದೇಶ ರೋಗ ನಿವಾರಣೆಯಲ್ಲ. ದಾರಿಹೋಕರು ನೀಲಿ ಬಣ್ಣ ಕಂಡು ವಿಷವೆಂದು ಹೆದರಿ ಹಣ್ಣು ಕದಿಯದಿರಲಿ ಎಂದು. 1882ರಲ್ಲಿ ಅಲ್ಲಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆ ಆ ದಾರಿಯಲ್ಲಿ ಸಾಗುವಾಗ, ತೋಟದ ಒಳಗಿನ ಬಳ್ಳಿಗಳೆಲ್ಲ ಬೂಜುರೋಗದಿಂದ ಎಲೆ ಉದುರಿಸಿದ್ದರೂ ರಸ್ತೆಯಂಚಿನವು ಮಾತ್ರ ಹಸಿರಾಗಿರುವುದನ್ನು ಗಮನಿಸಿದರು. ಪ್ರಯೋಗ ಮಾಡಿ, ಪ್ರಮಾಣ ನಿರ್ಧರಿಸಿ, 1885ರಲ್ಲಿ ಪ್ರಕಟಿಸಿದರು. ಆ ದಾರಿಯಲ್ಲಿ ಓಡಾಡಿದವರು ಸಾವಿರಾರು ಮಂದಿ. ವ್ಯತ್ಯಾಸವನ್ನು ಕಂಡು, ಏಕೆ ಎಂದು ಕೇಳಿ, ಮೂರು ವರ್ಷ ಅದರ ಬೆನ್ನು ಹತ್ತಿದವರು ಒಬ್ಬರು.

ಅದು ಮಲೆನಾಡಿಗೆ ಬಂದದ್ದು ಕೊಳೆರೋಗದ ದೆಸೆಯಿಂದ. ಬೋರ್ಡೋ ದ್ರಾವಣ ಬರುವ ಮೊದಲು ಇಲ್ಲಿನ ಜನ ಕೈಕಟ್ಟಿ ಕುಳಿತಿರಲಿಲ್ಲ. ಅಡಿಕೆ ಕೊನೆಗಳಿಗೆ ಮಳೆನೀರು ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರು. ನೀರು ತಾಗಿದ ಕೊನೆಗೆ ಕೊಳೆ, ತಾಗದ ಕೊನೆಗೆ ಇಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ರೋಗಕ್ಕೆ ಕಾರಣ ಫೈಟೋಫ್ತೊರಾ ಎಂಬ ಸೂಕ್ಷ್ಮಜೀವಿ. ಅದರ ಚರಬೀಜಗಳು ನೀರಿನ ತೆಳುವಾದ ಪದರದಲ್ಲಿ ಈಜಿ ಕಾಯಿಯಿಂದ ಕಾಯಿಗೆ ದಾಟುತ್ತವೆ. ಅಂದರೆ ಕೊಟ್ಟೆ ಕಟ್ಟಿದವರ ತಿಳಿವಳಿಕೆ ಸರಿಯಾಗಿಯೇ ಇತ್ತು. ಅದು ಏಕೆ ಸರಿ ಎಂಬುದನ್ನು ಸೂಕ್ಷ್ಮದರ್ಶಕ ತೋರಿಸಿಕೊಟ್ಟಿತು. ಸಾವಿರ ಮರಕ್ಕೆ ಕೊಟ್ಟೆ ಕಟ್ಟುವ ಶ್ರಮವನ್ನು ಸಿಂಪರಣೆಯು ಉಳಿಸಿತು. ಇಲ್ಲಿ ಒಂದು ಮಾತು ಸೇರಿಸಬೇಕು. ತಲೆಮಾರುಗಳಿಂದ ಎರಚಿದ ತಾಮ್ರ ಎಲ್ಲಿಯೂ ಹೋಗುವುದಿಲ್ಲ, ತೋಟದ ಮೇಲ್ಮಣ್ಣಿನಲ್ಲಿಯೇ ಕೂಡುತ್ತದೆ. ಮಲೆನಾಡಿನ ಹುಳಿಮಣ್ಣಿನಲ್ಲಿ ಅದರ ಪ್ರಭಾವ ಏನೆಂಬುದು ಈಗಿನ ವಿದ್ಯಾರ್ಥಿಗಳ ಪಾಲಿಗೆ ಉಳಿದಿರುವ ಪ್ರಶ್ನೆಗಳಲ್ಲಿ ಒಂದು. ಪರಿಹಾರಗಳು ಮುಂದಿನವರಿಗೆ ಕೆಲಸವನ್ನೂ ಬಿಟ್ಟು ಹೋಗುತ್ತವೆ.

ಲ್ಯಾಟಿನ್ ಹೆಸರುಗಳನ್ನು ಕಂಡರೆ ವಿಜ್ಞಾನದ ವಿದ್ಯಾರ್ಥಿಗಳು ಬೆಚ್ಚುತ್ತಾರೆ. ಮೈಸೂರು ಸೀಮೆಯ ಕಾಫಿ ಗಿಡಗಳನ್ನು ಕಾಡುತ್ತಿದ್ದ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರ ಶಾಸ್ತ್ರಜ್ಞ ಎಂ. ಸಿ. ಕುಕ್ ಇಟ್ಟ ಹೆಸರು ಪೆಲ್ಲಿಕ್ಯುಲೇರಿಯಾ ಕೊಳೆರೋಗ. ತೋಟದ ಆಳುಗಳ ಬಾಯಲ್ಲಿದ್ದ ಕನ್ನಡದ ಮಾತು ಹಾಗೆಯೇ ಲ್ಯಾಟಿನ್ ಹೆಸರಿನ ಪಕ್ಕದಲ್ಲಿ ಕುಳಿತಿತು. ಹೊನ್ನಾವರದಿಂದ ಘಟ್ಟ ಹತ್ತಿ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ, ಸಿದ್ದಾಪುರ ತಾಲ್ಲೂಕಿನಲ್ಲಿ, ಕತ್ತಲೆಕಾನು ಎಂಬ ಕಾಡಿದೆ. ಅಲ್ಲಿನ ರಾಮಪತ್ರೆ ಜಡ್ಡಿಯಲ್ಲಿ ಬೆಳೆಯುವ ಒಂದು ಎತ್ತರದ ಮರಕ್ಕೆ ವಿಜ್ಞಾನದಲ್ಲಿ ಹೆಸರು ದೊರೆತದ್ದು 2000ದಲ್ಲಿ: ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಬಸ್ಸಿನ ಕಿಟಕಿಯಿಂದ ಕೂಗಳತೆಯ ಕಾಡಿನಲ್ಲಿದ್ದ ಮರ ಅಷ್ಟು ವರ್ಷ ಹೆಸರಿಲ್ಲದೆ ನಿಂತಿತ್ತು. ಅದೇ ಕಾಡಿನ ತೊರೆಗಳಲ್ಲಿ ಒಂದು ಇರುಳುಕಪ್ಪೆಯಿದೆ. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಕಪ್ಪೆ ಮುಂಗಾಲುಗಳಿಂದ ಕೆಸರನ್ನು ಬಾಚಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದನ್ನು ವಿವರಿಸಿ ಕುಂಬಾರನ ಹೆಸರನ್ನೇ ಇಟ್ಟರು: ನಿಕ್ಟಿಬ್ಯಾಟ್ರಾಕಸ್ ಕುಂಬಾರ. ಆ ಕಪ್ಪೆ ಮಣ್ಣು ಮೆತ್ತುವುದು ಮಳೆಗಾಲದಲ್ಲಿ, ಅಂದರೆ ತರಗತಿಗಳು ನಡೆಯುತ್ತಿರುವ ದಿನಗಳಲ್ಲಿಯೇ. ಹಾಗೆಂದು ಮಳೆಯ ಇರುಳಿನಲ್ಲಿ ಯಾರೂ ಒಬ್ಬರೇ ಜಡ್ಡಿಗೆ ಇಳಿಯತಕ್ಕದ್ದಲ್ಲ.

ಕಲಾ ಮತ್ತು ವಾಣಿಜ್ಯ ವಿಭಾಗದವರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಸುಮ್ಮನಾಗುವಂತಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ನಡೆದ ಗೇಣಿದಾರರ ಸತ್ಯಾಗ್ರಹವು ಪಠ್ಯಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿಯುತ್ತದೆ. ಅದರ ಮೂಲದಲ್ಲಿದ್ದ ವಿವಾದಗಳಲ್ಲಿ ಒಂದು ಕೊಳಗದ ಗಾತ್ರ. ಭತ್ತ ಅಳೆದುಕೊಳ್ಳುವ ಕೊಳಗ ದೊಡ್ಡದಾದರೆ ಗೇಣಿದಾರನ ವರ್ಷದ ಅನ್ನ ಸಣ್ಣದಾಗುತ್ತದೆ. ಅಳತೆಯೊಂದು ಇತಿಹಾಸವಾದದ್ದು ಹೀಗೆ. ಅಟ್ಟದ ಮೇಲೆ ಹಳೆಯ ಕೊಳಗ ಬಿದ್ದಿರುವ ಮನೆಗಳು ಇನ್ನೂ ಇವೆ. ಅದನ್ನು ಇಳಿಸಿ, ಅಕ್ಕಿ ತುಂಬಿ, ತಕ್ಕಡಿಯಲ್ಲಿಟ್ಟು ತೂಗಿ ಬರೆದುಕೊಂಡರೆ ಇತಿಹಾಸದ ವಿದ್ಯಾರ್ಥಿಗೆ ಅದೊಂದು ಮೂಲ ದಾಖಲೆ. ವಾಣಿಜ್ಯದವರಿಗೆ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ (1923) ಮತ್ತು ಮಂಗಳೂರಿನ ಕ್ಯಾಂಪ್ಕೊ (1973) ಯಾವ ಕಷ್ಟದಲ್ಲಿ ಹುಟ್ಟಿದವು ಎಂಬ ಅಧ್ಯಯನವಿದೆ. ಅದಕ್ಕೂ ಮೊದಲು ಅಪ್ಪ ಮಂಡಿಯಿಂದ ತಂದ ಪಟ್ಟಿಯಲ್ಲಿ ಯಾವ ಯಾವ ಬಾಬಿಗೆ ಎಷ್ಟು ಕಡಿತವಾಗಿದೆ ಎಂದು ಓದುವ ಅಭ್ಯಾಸವಿದೆ. ಶರಾವತಿ ಕಣಿವೆಯಲ್ಲಿ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ಊರು ಬಿಟ್ಟವರ ಮೊಮ್ಮಕ್ಕಳು ಇಂದು ಪದವಿ ತರಗತಿಗಳಲ್ಲಿ ಕುಳಿತಿದ್ದಾರೆ. ಅವರ ಅಜ್ಜ ಅಜ್ಜಿಯರು ಹೇಳುವ ಮಾತುಗಳನ್ನು ಬರೆದಿಡಲು ಉಳಿದಿರುವ ಕಾಲ ಬಹಳವಿಲ್ಲ.

ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು 1990ರ ದಶಕದಲ್ಲಿ ಪಶ್ಚಿಮಘಟ್ಟದ ಪದವಿ ಕಾಲೇಜುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಜೊತೆಗೂಡಿಸಿ ಜೀವವೈವಿಧ್ಯ ಸಮೀಕ್ಷೆಗೆ ತೊಡಗಿಸಿದ್ದು ಈ ನಂಬಿಕೆಯಿಂದಲೇ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಹಸಿರು ನ್ಯಾಯಮಂಡಳಿಯು 2020ರ ಜನವರಿ ಅಂತ್ಯದ ಗಡುವು ವಿಧಿಸಿದ ಮೇಲೆ ಹಲವು ಕಡೆ ಅದನ್ನು ತರಾತುರಿಯಲ್ಲಿ ತುಂಬಲಾಯಿತು. ಪಂಚಾಯಿತಿಗೆ ಹೋಗಿ ತಮ್ಮ ಊರಿನ ದಾಖಲಾತಿಯನ್ನು ಕೇಳಿ ನೋಡುವ ವಿದ್ಯಾರ್ಥಿಗೆ, ಅದರಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದು ಬೇಗ ಕಾಣಬಹುದು. ಮನೆಯ ಹಿತ್ತಲಿನ ಅಪ್ಪೆಮಿಡಿ ಮಾವಿನ ಮರ ಪಟ್ಟಿಯಲ್ಲಿದೆಯೇ ಎಂದು ಹುಡುಕುವುದು ಒಳ್ಳೆಯ ಆರಂಭ.

ಇನ್ನು ಓದಿನ ವಿಚಾರ. ಕೊಳೆರೋಗಕ್ಕೆ ಮೊದಲ ಸಿಂಪರಣೆ ಮುಂಗಾರು ಹಿಡಿಯುವ ಮೊದಲು, ಎರಡನೆಯದು ನಲವತ್ತರಿಂದ ನಲವತ್ತೈದು ದಿನಗಳ ಅಂತರದಲ್ಲಿ. ಕೊಳೆ ಬಂದ ಮೇಲೆ ಎಷ್ಟು ಮದ್ದು ಹೊಡೆದರೂ ಉದುರಿದ ಕಾಯಿ ಮರಳಿ ಕೊನೆಗೆ ಹತ್ತುವುದಿಲ್ಲ. ಪಾಠದ ವಿಷಯದಲ್ಲಿಯೂ ಕಾಲ ಮತ್ತು ಅಂತರಗಳದೇ ಮುಖ್ಯ ಪಾತ್ರ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕಾಲೇಜು ವಿದ್ಯಾರ್ಥಿಗಳಿಗೆ ಸಣ್ಣ ಗದ್ಯಭಾಗಗಳನ್ನು ಓದಲು ಕೊಟ್ಟರು. ಕೆಲವನ್ನು ಅವರು ಮತ್ತೊಮ್ಮೆ ಓದಿದರು. ಉಳಿದವನ್ನು ಪುಟ ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಓದಿದ್ದೇ ಚೆನ್ನಾಗಿ ನೆನಪಿತ್ತು, ನೂರಕ್ಕೆ 81. ಪುಟ ಮುಚ್ಚಿ ಬರೆದದ್ದು 75. ಒಂದು ವಾರ ಕಳೆದು ಕೇಳಿದಾಗ ಲೆಕ್ಕ ತಿರುಗಿತ್ತು. ಮತ್ತೆ ಓದಿದ್ದು 42, ಪುಟ ಮುಚ್ಚಿ ಬರೆದದ್ದು 56. ಪರೀಕ್ಷೆಯ ಹಿಂದಿನ ರಾತ್ರಿ ಐದು ಸಲ ಓದುವವರಿಗೆ ತಿಳಿದಿದೆ ಎಂಬ ಭ್ರಮೆ ಏಕೆ ಹುಟ್ಟುತ್ತದೆ ಎಂಬುದಕ್ಕೆ ಮೊದಲಿನ ಎರಡು ಅಂಕಿಗಳು ಸಾಕ್ಷಿ.

ಇದಕ್ಕೆ ಹಣ ಬೇಡ, ವಿದ್ಯುತ್ತೂ ಬೇಡ. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದ ಊರಿನವರಿಗೂ ಸಾಧ್ಯ. ಸಂಜೆಯ ಬಸ್ಸಿನಲ್ಲಿ ಒಂದು ಗಂಟೆ ಪ್ರಯಾಣವಿದ್ದರೆ ಪುಸ್ತಕ ತೆರೆಯದೆ, ಬೆಳಿಗ್ಗೆ ನಡೆದ ಪಾಠದಲ್ಲಿ ಏನಿತ್ತು ಎಂದು ಪಕ್ಕದ ಗೆಳತಿಗೆ ಅಥವಾ ಗೆಳೆಯನಿಗೆ ಕನ್ನಡದಲ್ಲಿಯೇ ಹೇಳಿದರೆ ಸಾಕು. ಕನ್ನಡದಲ್ಲಿ ಹೇಳಲು ಬಂದರೆ ವಿಷಯ ತಿಳಿದಿದೆ ಎಂದರ್ಥ. ಉಳಿದದ್ದು ಪದಗಳ ಕೆಲಸ, ದಿನಕ್ಕೆ ಐದು ಪದಗಳಂತೆ ಅದು ಸಾಗುತ್ತದೆ. ಕನ್ನಡದಲ್ಲಿಯೂ ಹೇಳಲು ಬಾರದಿದ್ದರೆ ತೊಡಕು ಇಂಗ್ಲಿಷಿನದಲ್ಲ. ಆಗ ಮರುದಿನವೇ ಅಧ್ಯಾಪಕರ ಕೊಠಡಿಯ ಬಾಗಿಲಿಗೆ ಹೋಗಿ, ಈ ಭಾಗ ತಿಳಿಯಲಿಲ್ಲ ಎಂದು ಕೇಳಬೇಕು. ಮೊದಲ ಆಂತರಿಕ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಅದೂ ಒಂದು ಉಪಕಾರವೇ, ಇನ್ನೂ ನಾಲ್ಕೈದು ಮಳೆ ಬಾಕಿಯಿರುತ್ತವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಪ್ರತ್ಯೇಕವಾಗಿ ಹೇಳಬೇಕಾದದ್ದಿದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯು ಸರ್ಕಾರಿ ಬಸ್ಸು ಬರುವ ಊರುಗಳಲ್ಲಿ ಪ್ರಯಾಣದ ಖರ್ಚನ್ನು ಇಳಿಸಿತು. ಖಾಸಗಿ ಬಸ್ಸನ್ನೇ ನೆಚ್ಚಿದ ಮಲೆನಾಡಿನ ಹಳ್ಳಿಗಳಿಗೆ ಅದು ಮುಟ್ಟಲಿಲ್ಲ. ಬಸ್ಸಿಳಿದು ಮೂರು ಕಿಲೋಮೀಟರ್ ಕಾಡುದಾರಿಯಲ್ಲಿ ನಡೆಯುವ ಹುಡುಗಿ ಮನೆ ಸೇರಿದ ಕೂಡಲೇ ಒಲೆಯ ಮುಂದೆ ಅಥವಾ ಕೊಟ್ಟಿಗೆಯಲ್ಲಿ ಇರಬೇಕಾಗುತ್ತದೆ. ಅದೇ ಮನೆಯ ಹುಡುಗನಿಗೆ ಆ ಹೊತ್ತು ಓದಿನ ಹೊತ್ತು. ಈ ಪತ್ರಿಕೆಯನ್ನು ಓದುವ ಹಿರಿಯರು ಎಂಟು ಮಳೆಗಳ ಮಟ್ಟಿಗಾದರೂ ಸಂಜೆಯ ಒಂದು ಗಂಟೆಯನ್ನು ಮಗಳಿಗೆ ಬಿಟ್ಟುಕೊಡಬೇಕು. ಹಾಲು ಕರೆಯುವುದು ಹುಡುಗನಿಗೂ ಬರುವ ಕೆಲಸ.

ಎಲೆಚುಕ್ಕೆಯ ಮಾತಿಗೆ ಮರಳಬೇಕು. ಇದು ಮುಖ್ಯವಾಗಿ ಕೊಲೆಟೋಟ್ರೈಕಮ್ ಜಾತಿಯ ಶಿಲೀಂಧ್ರದಿಂದ ಬರುವ ರೋಗ. ಗಾಳಿಯೂ ಮಳೆಯ ಹನಿಯೂ ಅದನ್ನು ಹರಡುತ್ತವೆ, ತೇವ ತುಂಬಿದ ವಾತಾವರಣ ಅದಕ್ಕೆ ಹಬ್ಬ. ಒಂದೇ ಸಿಂಪರಣೆಯಿಂದ ಹೋಗುವ ರೋಗವಲ್ಲ. ರೋಗ ತಗುಲಿದ ಸೋಗೆಗಳನ್ನು ಕಡಿದು ತೆಗೆಯುವುದು, ಬಸಿಗಾಲುವೆ ಬಿಡಿಸುವುದು, ಪೋಷಕಾಂಶ ಸರಿಪಡಿಸುವುದು, ಅಕ್ಕಪಕ್ಕದ ತೋಟದವರೆಲ್ಲ ಒಂದೇ ಹೊತ್ತಿನಲ್ಲಿ ಸಿಂಪಡಿಸುವುದು, ಇವೆಲ್ಲ ಕೂಡಿದರೆ ಹತೋಟಿಗೆ ದಾರಿ. ಕೊನೆಯದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅದಕ್ಕೆ ಬೇಕಾದದ್ದು ಮೈಲುತುತ್ತವಲ್ಲ, ನೆರೆಹೊರೆಯ ಒಪ್ಪಂದ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾಗಲಿ, 2012ರಲ್ಲಿ ಸ್ಥಾಪನೆಯಾದ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವಾಗಲಿ ಪ್ರತಿ ಕಣಿವೆಗೆ ವಾರಕ್ಕೊಮ್ಮೆ ಬಂದು ನೋಡಲಾರವು. ರೋಗ ತೋಟದ ಯಾವ ಅಂಚಿನಿಂದ ಒಳಗೆ ಬಂತು, ಯಾವ ಮಳೆಯಲ್ಲಿ ಹೆಚ್ಚಿತು, ಕಡಿದು ತೆಗೆದ ಸಾಲಿನಲ್ಲಿ ಎಷ್ಟು ದಿನಕ್ಕೆ ಮತ್ತೆ ಕಾಣಿಸಿತು ಎಂಬುದನ್ನು ಬಲ್ಲವರು ಅಲ್ಲಿಯೇ ವಾಸಿಸುವವರು. ಭಾನುವಾರ ಮನೆಯಲ್ಲಿರುವ ವಿದ್ಯಾರ್ಥಿ ಹತ್ತು ಮರಗಳಿಗೆ ಬಣ್ಣದಿಂದ ಸಂಖ್ಯೆ ಬರೆದು, ಪ್ರತಿ ಮರದಲ್ಲಿ ಚುಕ್ಕೆಯಿರುವ ಸೋಗೆ ಎಷ್ಟು, ಇಲ್ಲದ್ದು ಎಷ್ಟು ಎಂದು ಎಣಿಸಲು ಅರ್ಧ ಗಂಟೆ ಸಾಕು. ಎಂಟು ಮಳೆಗೆ ಹದಿನಾರು ಭಾನುವಾರ. ಓದಿಗಾಗಿ ಮನೆಯನ್ನು ಬಿಟ್ಟು ಬಂದೆ ಎಂಬ ಸಂಕಟ ಈ ಅರ್ಧ ಗಂಟೆಯಿಂದ ಪೂರ್ತಿ ಹೋಗುವುದಿಲ್ಲ. ಆದರೆ ಅಪ್ಪನ ಜೊತೆ ಕುಳಿತು ಮಾತಾಡಲು ಸಾಲವೊಂದೇ ವಿಷಯವಾಗಿ ಉಳಿಯುವುದೂ ಇಲ್ಲ.

ಆ ಲೆಕ್ಕದ ಪಕ್ಕದಲ್ಲಿ ಮಳೆಯ ಲೆಕ್ಕವೂ ಇದ್ದರೆ ಅದರ ಬೆಲೆ ಹೆಚ್ಚುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಎಂಬುದು ಎಲ್ಲರಿಗೂ ಬಾಯಿಪಾಠ. ತಮ್ಮ ಅಂಗಳದಲ್ಲಿ ಎಷ್ಟು ಎಂದರೆ ಉತ್ತರವಿಲ್ಲ. ಒಂದು ಗುಡ್ಡ ದಾಟಿದರೆ ಮಳೆ ಬದಲಾಗುವ ಸೀಮೆಯಿದು. ಗೋಡೆ ನೇರವಾಗಿರುವ ಒಂದು ಡಬ್ಬಿ ಮತ್ತು ಒಂದು ಅಳತೆಪಟ್ಟಿ ಇದ್ದರೆ ಮಳೆಮಾಪಕ ಸಿದ್ಧ. ಮರದ ಹನಿ, ಮಾಡಿನ ನೀರು ಬೀಳದ ಬಯಲಿನಲ್ಲಿ, ಗಾಳಿಗೆ ಉರುಳದಂತೆ ಕಲ್ಲು ಕಟ್ಟಿ ಇಡಬೇಕು. ನಿಂತ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆದು, ಬರೆದು, ಚೆಲ್ಲಬೇಕು. ಹವಾಮಾನ ಇಲಾಖೆಯವರು 2.5 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಬಿದ್ದ ದಿನವನ್ನು ಮಳೆಯ ದಿನವೆಂದು ಎಣಿಸುತ್ತಾರೆ. ಅವರು ಅಳೆಯುವ ಹೊತ್ತು ಬೆಳಿಗ್ಗೆ ಎಂಟೂವರೆ. ಹೋಲಿಸಿ ನೋಡಬೇಕಾದರೆ ಮನೆಯ ಅಳತೆಯೂ ಅದೇ ಹೊತ್ತಿನದಾಗಿರಬೇಕು. ಎಂಟೂವರೆಗೆ ವಿದ್ಯಾರ್ಥಿಗಳು ಬಸ್ಸಿನಲ್ಲಿರುತ್ತಾರೆ. ಆದ್ದರಿಂದ ಡಬ್ಬಿಯ ನೀರನ್ನು ಅಳೆದು ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಅಂಕಿ ಬರೆಯುವುದನ್ನು ಅಮ್ಮನಿಗೋ ಅಜ್ಜನಿಗೋ ಹೇಳಿಕೊಡಬೇಕು, ಭಾನುವಾರ ಕುಳಿತು ಆ ಏಳು ಅಂಕಿಗಳನ್ನು ನೋಟು ಪುಸ್ತಕಕ್ಕೆ ಇಳಿಸಿಕೊಳ್ಳಬೇಕು.